ಇಂಗ್ಲೆಂಡಿನಲ್ಲಿರುವ ಅಪ್ಪ-ಅವ್ವನಿಗೆ ಮನೆಯಲ್ಲೇ ನೆರವು ಪಡೆಯುವುದು ಹೇಗೆ

ಪುತ್ತರಿ ಹಬ್ಬಕ್ಕೆ ವಿರಾಜಪೇಟೆಗೆ ಬರುವ ಇಂಗ್ಲೆಂಡಿನ ನೆಂಟರು ಈಗೀಗ ಜಾಸ್ತಿ ಕೇಳುವುದು ಇದನ್ನೇ. ಅಪ್ಪ-ಅವ್ವ ಅಲ್ಲೇ ಕಾಯಂ ಆಗಿ ನೆಲೆಸಿದ್ದಾರೆ, ವಯಸ್ಸಾಗಿದೆ, ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಅವರಿಗೆ ಯಾರು? ಊರಲ್ಲಾದರೆ ತೋಟದ ಲೈನ್‌ಮನೆಯಿಂದ ಯಾರಾದರೂ ಬಂದು ನೋಡಿ ಹೋಗುತ್ತಿದ್ದರು. ಅಲ್ಲಿ ನೀವೇ ಕೌನ್ಸಿಲ್‌ಗೆ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತಕ್ಕೆ, ಫೋನ್ ಮಾಡಬೇಕು.

ಫೋನಿನಲ್ಲಿ 'ಕೇರ್ ನೀಡ್ಸ್ ಅಸೆಸ್‌ಮೆಂಟ್' ಬೇಕು ಅಂತ ಕೇಳಿ. ಅಂದರೆ ಹಿರಿಯರಿಗೆ ಯಾವ ಸಹಾಯ ಬೇಕು ಅಂತ ಕೌನ್ಸಿಲ್‌ನವರು ಮಾತಾಡಿ ನೋಡುವುದು. ಇದಕ್ಕೆ ದುಡ್ಡಿಲ್ಲ. 2014ರ ಕೇರ್ ಆಕ್ಟ್ ಪ್ರಕಾರ ನಿಮ್ಮ ಹತ್ತಿರ ಎಷ್ಟೇ ಹಣವಿದ್ದರೂ ಅವರು ಇದನ್ನು ಮಾಡಲೇಬೇಕು.

ನಮ್ಮವರು ಎಡವುವುದು ಇಲ್ಲೇ. ಮಳೆಗಾಲದಲ್ಲೂ ತೋಟದಲ್ಲಿ ನಿಂತು ದುಡಿದ ಜೀವ, ಪರಊರಿನವರ ಮುಂದೆ 'ನನ್ನ ಕೈಲಾಗಲ್ಲ' ಅಂತ ಹೇಳುವುದಿಲ್ಲ. ಸ್ನಾನ ಮಾಡ್ತೀರಾ? ಮಾಡ್ತೀನಿ. ಅಡುಗೆ? ಮಾಡ್ತೀನಿ. ಬಂದವರು ಹಾಗೇ ಬರೆದುಕೊಂಡು ಹೋಗುತ್ತಾರೆ. ಆದರೆ ಮಂಡಿನೋವಿನಲ್ಲಿ ನರಳುತ್ತಾ ಮಾಡಿದರೆ, ಬೀಳುವ ಭಯದಲ್ಲಿ ಮಾಡಿದರೆ, ಇಲ್ಲವೇ ಬೇರೆಯವರಿಗಿಂತ ತುಂಬಾ ಹೊತ್ತು ಹಿಡಿದರೆ, ಆ ಕಾನೂನಿನ ಲೆಕ್ಕದಲ್ಲಿ ಅದು 'ಮಾಡಲು ಆಗುವುದಿಲ್ಲ' ಅಂತಲೇ. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಮನೆಯೊಳಗೆ ಸುರಕ್ಷಿತವಾಗಿ ಓಡಾಡುವುದು, ಮನೆಯವರ ಮತ್ತು ಗೆಳೆಯರ ಒಡನಾಟ ಹೀಗೆ ಒಟ್ಟು 10 ವಿಷಯಗಳ ಪಟ್ಟಿಯಿದೆ. ಕಾಯಿಲೆ ಅಥವಾ ಅಶಕ್ತತೆಯಿಂದ ಇವುಗಳಲ್ಲಿ 2 ಅಥವಾ ಹೆಚ್ಚು ಆಗದೆ, ಅದರಿಂದ ಬದುಕಿಗೆ ದೊಡ್ಡ ತೊಂದರೆ ಆಗುತ್ತಿದ್ದರೆ ಸಹಾಯಕ್ಕೆ ಅರ್ಹರು. ಹಾಗಾಗಿ ಒಳ್ಳೆಯ ದಿನದ ಕತೆ ಬೇಡ, ಕಷ್ಟದ ದಿನದ್ದನ್ನು ಹೇಳಿ. ದುಭಾಷಿ ಬೇಕು ಅಂತಲೂ ಮೊದಲೇ ತಿಳಿಸಿ, ಯಾಕಂದ್ರೆ ಶೌಚದ ವಿಷಯವನ್ನು ಮಗನ ಬಾಯಲ್ಲಿ ಹೇಳಿಸಲು ಯಾವ ತಾಯಿಗೂ ಮುಜುಗರವೇ ಅಲ್ವಾ?

ಇನ್ನೊಂದು ಮಾತು. ನಾವು ಮಕ್ಕಳು ಮಾತ್ರೆ, ಸ್ನಾನ ಅಂತಲೇ ಯೋಚಿಸುತ್ತೇವೆ. ಅವ್ವನಿಗೆ ಬೇಕಾಗಿರುವುದು ತನ್ನ ಕೈಯಾರೆ ಕಡಂಬುಟ್ಟು (ಅಕ್ಕಿ ಕಡುಬು) ಮಾಡುವುದು, ಊರಿನವರು ಸೇರುವ ಕಡೆ ಹೋಗುವುದು ಇರಬಹುದು. ಅದನ್ನೂ ಹೇಳಿಸಿ, ಬರೆಸಿ. ಹಿರಿಯರ ಇಷ್ಟಕ್ಕೆ ಬೆಲೆ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಅಡುಗೆಮನೆಗೆ ಎತ್ತರದ ಸ್ಟೂಲ್, ಬಾತ್‌ರೂಮಿಗೆ ಹಿಡಿಕಂಬಿಯಂಥ 1,000 ಪೌಂಡ್ ಒಳಗಿನ ಸಣ್ಣ ವ್ಯವಸ್ಥೆಗಳು ಅರ್ಹರಿಗೆ ಉಚಿತ.

ಮನೆಗೆ ಬಂದು ನೋಡಿಕೊಳ್ಳುವವರ ಖರ್ಚಿಗೆ ಮಾತ್ರ ಆಸ್ತಿ-ಆದಾಯ ನೋಡುತ್ತಾರೆ. ಹಿರಿಯರ ಹತ್ತಿರ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯವಿದ್ದರೆ ಪೂರ್ತಿ ಅವರೇ ಕೊಡಬೇಕು. ಹಿರಿಯರು ವಾಸವಿರುವ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅವರ ಹೆಸರಿನಲ್ಲಿ ಕೊಡಗಿನಲ್ಲಿರುವ ತೋಟ, ಸೈಟು ಬರುತ್ತವೆ. ಮುಚ್ಚಿಡಬೇಡಿ. ಲೆಕ್ಕ ತಪ್ಪಿಸಲು ಮಕ್ಕಳ ಹೆಸರಿಗೆ ಮಾಡಿದರೂ ಅದನ್ನು ಅವರದ್ದೇ ಅಂತ ಹಿಡಿಯಬಹುದು. ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಜಮೀನು) ಅಥವಾ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಪಾಲು ಮಾತ್ರ ಇದ್ದರೆ ಆರ್‌ಟಿಸಿ ಕೊಟ್ಟು, ಯಾರ್‍ಯಾರ ಹೆಸರಿದೆ ಅಂತ ವಿವರಿಸಿ.

ಕೌನ್ಸಿಲ್ ಹಣವನ್ನು 'ಡೈರೆಕ್ಟ್ ಪೇಮೆಂಟ್' ಆಗಿ ಕೈಗೇ ಪಡೆಯಬಹುದು. ಅದರಲ್ಲಿ ನಮ್ಮ ಅಡುಗೆ, ಭಾಷೆ ಗೊತ್ತಿರುವವರನ್ನು ಇಟ್ಟುಕೊಳ್ಳಬಹುದು, ನನಗೆ ಇದೇ ಒಳ್ಳೆಯ ದಾರಿ ಅನಿಸುತ್ತದೆ. ಒಂದೇ ಮನೆಯಲ್ಲಿರುವ ಮಗಳಿಗೋ ಸೊಸೆಗೋ ಸಾಮಾನ್ಯವಾಗಿ ಈ ಹಣದಿಂದ ಸಂಬಳ ಕೊಡುವಂತಿಲ್ಲ. ಅವರು ತಮಗಾಗಿ 'ಕೇರರ್ಸ್ ಅಸೆಸ್‌ಮೆಂಟ್' ಕೇಳಲಿ, ಅಂದರೆ ನೋಡಿಕೊಳ್ಳುವವರಿಗೆ ಯಾವ ನೆರವು ಬೇಕು ಅಂತ ನೋಡುವುದು, ಅದೂ ಉಚಿತ.

ಅಲ್ಲಿನ ಪಿಂಚಣಿ ವಯಸ್ಸು ದಾಟಿ, 6 ತಿಂಗಳಿಂದ ಇನ್ನೊಬ್ಬರ ನೆರವು ಬೇಕಾಗಿದ್ದರೆ 'ಅಟೆಂಡೆನ್ಸ್ ಅಲೋವೆನ್ಸ್' ಅನ್ನುವ ಸರ್ಕಾರಿ ಭತ್ಯೆಗೂ ಅರ್ಜಿ ಹಾಕಿ. ಇದಕ್ಕೆ ಉಳಿತಾಯ ನೋಡುವುದಿಲ್ಲ. ಆದರೆ ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಅಂತಿದ್ದರೆ ಮಾತ್ರ ಈ ಅರ್ಜಿ ಹಾಕಲೇಬೇಡಿ, ವೀಸಾಕ್ಕೇ ಕುತ್ತು ಬರಬಹುದು. ಮೊದಲು ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳಿ.