ಬೇಸಿಗೆ ರಜೆಗೆ ಮೂರು ಪುಸ್ತಕ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಏಪ್ರಿಲ್ ಬಂತೆಂದರೆ ಮಕ್ಕಳ ಪ್ರಶ್ನೆ ಒಂದೇ: "ಮಿಸ್, ರಜೆಯಲ್ಲಿ ಏನು ಓದಲಿ?"

ಮೊದಲು ತೇಜಸ್ವಿಯವರ ‘ಕರ್ವಾಲೊ’ ಹಿಡಿಯಿರಿ. 1980ರ ಕಾದಂಬರಿ, ದಪ್ಪವೇನಿಲ್ಲ. ಜೇನಿನ ಹಿಂದೆ ಬಿದ್ದ ಮಂದಣ್ಣ, ವಿಜ್ಞಾನಿ ಕರ್ವಾಲೊ, ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವ ತಂಡ. ದಿನಕ್ಕೆ 15 ಪುಟ ಸಾಕು. ಬಿಸಿಲೇರುವ ಮುಂಚೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಕೂರಿ. ಗೊತ್ತಿಲ್ಲದ ಪದವನ್ನು ಚೀಟಿಯಲ್ಲಿ ಬರೆದಿಟ್ಟು ಮುಂದೆ ಹೋಗಿ. ನಿಘಂಟು ಸಂಜೆ ನೋಡಬಹುದು. ಕತೆ ನಿಲ್ಲಬಾರದು, ಅಲ್ವಾ?

ಕಾದಂಬರಿ ಭಾರ ಅನ್ನಿಸಿದರೆ ಗೊರೂರರ ‘ಹಳ್ಳಿಯ ಚಿತ್ರಗಳು’. ಒಂದೊಂದು ಬರಹವೂ ಕೂತಲ್ಲೇ ಮುಗಿಯುತ್ತದೆ. ಇದನ್ನು ಅಜ್ಜಿಗೆ ಜೋರಾಗಿ ಓದಿ ಹೇಳಿ. ಎಂಟನೇ ಕ್ಲಾಸಿನಲ್ಲಿ ನಾನು ಹಾಗೆ ಮಾಡಿದ್ದೆ. ನಮ್ಮಜ್ಜಿ ನಡುವೆ ತಡೆದು ತಮ್ಮೂರಿನ ಜಾತ್ರೆಯ ಕತೆ ಸೇರಿಸುತ್ತಿದ್ದರು. ಆ ಕತೆಗಳನ್ನು ಬರೆದಿಟ್ಟುಕೊಳ್ಳಲಿಲ್ಲ ಅನ್ನೋ ಕೊರಗು ಈಗಲೂ ಇದೆ. ನೀವು ಬರೆದಿಡಿ.

ಒಂಬತ್ತು, ಹತ್ತನೇ ತರಗತಿಯವರಿಗೆ ಕಾರಂತರ ‘ಚೋಮನ ದುಡಿ’. ಸ್ವಂತ ಬೇಸಾಯದ ಆಸೆ ಹೊತ್ತ ಚೋಮನ ನೋವು ಮನಸ್ಸನ್ನು ಕಲಕುತ್ತದೆ. ಮುಗಿಸಿದ ಮೇಲೆ ಮನೆಯವರ ಜೊತೆ ಅದರ ಬಗ್ಗೆ ಮಾತಾಡಿ.

ಕೊಳ್ಳಲೇಬೇಕಿಲ್ಲ. ಊರಿನ ಪಂಚಾಯಿತಿ ಲೈಬ್ರರಿಯಲ್ಲಿ ಮೊದಲು ಕೇಳಿ ನೋಡಿ.