ದಾವಣಗೆರೆಯಲ್ಲೇ ಸ್ಲೀವ್, ಎರಡನೇ ದಿನ ಮನೆಗೆ: ನನ್ನ ಅನುಭವ

ತೂಕದ ಶಸ್ತ್ರಚಿಕಿತ್ಸೆ ಬೆಂಗಳೂರಿನವರಿಗೆ ಇರಲಿ, ದಾವಣಗೆರೆಯಲ್ಲಿ ಹರ್ನಿಯಾ, ಪಿತ್ತಕೋಶ ಮಾಡಿಕೊಂಡಿರು ಎಂದು ಹಿರಿಯರು ಸರ್ಜನ್ ಆದ ನನಗೆ ಬುದ್ಧಿ ಹೇಳಿದ್ದು 2014ರಲ್ಲಿ. ಈಗ ಸ್ಲೀವ್ (ಜಠರದ ಹೆಚ್ಚಿನ ಭಾಗ ಕತ್ತರಿಸಿ ಕೊಳವೆಯಷ್ಟೇ ಉಳಿಸುವುದು), ಬೈಪಾಸ್ (ಜಠರ ಕಿರಿದಾಗಿಸಿ ಕರುಳಿಗೆ ಜೋಡಿಸುವುದು) ಸೇರಿ ಮುನ್ನೂರು ದಾಟಿವೆ. ಹೆಚ್ಚಿನವರು ಎರಡನೇ ದಿನವೇ ಮನೆಗೆ ಹೋಗುತ್ತಾರೆ. ನೆನಪಿನ ಲೆಕ್ಕವಾದ್ದರಿಂದ ಹತ್ತಿಪ್ಪತ್ತು ಆಚೀಚೆ ಇರಬಹುದು. ಕೊನೆಯ ನೂರೈವತ್ತರಲ್ಲಿ ಒಂದೂ ಕತ್ತರಿಸಿ ಮುಚ್ಚಿದ ಜಾಗದಲ್ಲಿ ಸೋರಲಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತೇನೆ.

ಸೋರಿದ್ದು ಹನ್ನೊಂದನೆಯವರಿಗೆ. 142 ಕಿಲೋ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಮೂರನೇ ರಾತ್ರಿ ಎರಡು ಗಂಟೆಗೆ ಸಿಸ್ಟರ್ ಫೋನ್ ಮಾಡಿ, "ಸರ್, ನೋವಿಗೆ ಕೊಟ್ಟ ಮೇಲೂ ನಾಡಿ 120ರಿಂದ ಇಳಿಯುತ್ತಿಲ್ಲ" ಎಂದರು. ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು, ಹೊಟ್ಟೆಯೊಳಗಿನ ದ್ರವ ಹೊರತರಲು ಇಟ್ಟ ಡ್ರೈನ್ ಕೊಳವೆಯಲ್ಲಿ ತೆಳು ಕೆಂಪು ನೀರು ಮಾತ್ರ. ಡ್ರೈನ್ ನಂಬಿ ಬೆಳಗಿನವರೆಗೆ ಕಾದೆ. ಕಾಯಬಾರದಿತ್ತು. ಅನ್ನನಾಳ ಸೇರುವ ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ತೊಳೆದು, ಬಿಟ್ಟ ಜಾಗ ಮುಚ್ಚಲು ಒಳಗಿನಿಂದ ಸ್ಟೆಂಟ್ ಕೊಳವೆ ಇಟ್ಟು, ಅವರು ಮನೆಗೆ ಹೋಗುವಾಗ ನಲವತ್ತು ದಿನ. ಪ್ಯಾಕೇಜ್ ಮೀರಿದ ಎರಡು ಲಕ್ಷ ಚಿಲ್ಲರೆಯನ್ನು ನಾನೇ ಕಟ್ಟಿದೆ. ಆಮೇಲೆ ಒಂದು ವರ್ಷ ಒಬ್ಬ ರೋಗಿಯೂ ಬರಲಿಲ್ಲ.

ಅಲ್ಲಿಂದ ಡ್ರೈನ್ ಬಿಟ್ಟೆ, ನಾಡಿ ಹಿಡಿದೆ. ನಾಲ್ಕು ಗಂಟೆಗಳಲ್ಲಿ ಎರಡು ಸಲ 110 ದಾಟಿದರೆ ನನ್ನನ್ನು ಕೇಳದೆ ಸಿಟಿ ಸ್ಕ್ಯಾನಿಗೆ ಕಳಿಸುವ ಅಧಿಕಾರ ಸಿಸ್ಟರ್‌ಗೇ ಕೊಟ್ಟೆ. ವ್ಯರ್ಥ ಸ್ಕ್ಯಾನ್‌ಗಳೂ ಆದವು, ಬೇಸರವಿಲ್ಲ. ಉಳಿಸುವ ಜಠರದ ಅಗಲಕ್ಕೆ ಅಳತೆಯಾಗಿ ಒಳಗಿಡುವ ನಳಿಗೆ, ಅಂದರೆ ಬೂಜಿ, 32ರಿಂದ 38ರ ದಪ್ಪಕ್ಕೆ ಹೋಯಿತು. ಜಠರ ಕತ್ತರಿಸಿ ಮುಚ್ಚುವ ಸ್ಟೇಪಲ್ ಸಾಲಿನ ಮೇಲೆ ಹೊಲಿಗೆ ಈಗಲೂ ಹಾಕುತ್ತೇನೆ. ನಡುವೆ ಇಪ್ಪತ್ತು ಮಂದಿಗೆ ಫೈಬ್ರಿನ್ ಅಂಟು ಬಳಸಿ ನೋಡಿದೆ. ಹಣ ಹೋಯಿತು, ವ್ಯತ್ಯಾಸ ಕಾಣಲಿಲ್ಲ. ಕೊನೆಯ ಸ್ಟೇಪಲ್ ಕಾರ್ಟ್ರಿಡ್ಜ್‌ಗೆ ಮುನ್ನ ಜಠರದ ಮೇಲ್ಭಾಗವಾದ ಫಂಡಸ್ ಹಿಡಿಯುವ ನನ್ನದೊಂದು ರೀತಿ ಇದೆ. ಅದನ್ನು ಬರೆದು ಕಲಿಸಲಾಗದು, ಆಪರೇಷನ್ ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಯಕೃತ್ತಿನ ಕೊಬ್ಬು ಕರಗಿಸಲು ಶಸ್ತ್ರಚಿಕಿತ್ಸೆಗೆ ಮೊದಲಿನ ಎರಡು ವಾರದ ಪಥ್ಯಕ್ಕೆ ಡಬ್ಬಿಯ ಪ್ರೋಟೀನ್ ಪುಡಿ ಬರೆಯುತ್ತಿದ್ದೆ. ದುಬಾರಿ, ಯಾರೂ ಪೂರ್ತಿ ಕುಡಿಯುತ್ತಿರಲಿಲ್ಲ. ಒಬ್ಬರು ಹಿಂದಿನ ದಿನದವರೆಗೂ ಬೆಣ್ಣೆದೋಸೆ ತಿಂದು ಬಂದಿದ್ದರು. ಯಕೃತ್ತಿನ ಎಡಹಾಳೆ ಹಳದಿಗಟ್ಟಿ, ಎತ್ತಲು ಹೋದರೆ ಅಂಚು ಹರಿದು ರಕ್ತ ಜಿನುಗಿತು. ಜಠರ ಮುಟ್ಟದೆ ಹೊರಬಂದೆ. ಈಗ ಮಜ್ಜಿಗೆ, ಹುರುಳಿಕಟ್ಟು, ಮೊಳಕೆ ಹೆಸರುಕಾಳು, ಮೊಟ್ಟೆಯ ಬಿಳಿಭಾಗ. ಖರ್ಚು ಕಾಲುಭಾಗ, ಪಥ್ಯವೂ ನಡೆಯುತ್ತದೆ.

ಬರುವವರೂ ಬದಲಾಗಿದ್ದಾರೆ. ಆಗ 140, 150 ಕಿಲೋದ ಗಂಡಸರು, ಮಂಡಿ ಸವೆದ ಮೇಲೆ ಕೊನೆಯ ದಾರಿಯೆಂದು ಬರುತ್ತಿದ್ದರು. ಈಗ ಅರ್ಧಕ್ಕಿಂತ ಹೆಚ್ಚು ಮೂವತ್ತು, ನಲವತ್ತರ ಹೆಂಗಸರು, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದವರು; ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 33ಕ್ಕೇ ಸಕ್ಕರೆಗಾಗಿ ಬರುವವರು. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 25ರಿಂದಲೇ ಬೊಜ್ಜು, 27.5ರಿಂದಲೇ ಶಸ್ತ್ರಚಿಕಿತ್ಸೆ ಎಂದು ಒಪ್ಪಿದೆ. ವಿಮೆಯ ನಿಯಮ ಮಾತ್ರ 40ರಲ್ಲಿ, ಜೊತೆಗೆ ಗಂಭೀರ ಕಾಯಿಲೆಯಿದ್ದರೆ 35ರಲ್ಲಿ ನಿಂತಿದೆ. ನಡುವಿನವರು ಅಡಿಕೆ ಮಾರಿದ ಹಣ ತರುತ್ತಾರೆ. ಐದಾರು ಕಾರ್ಟ್ರಿಡ್ಜ್‌ಗಳೇ ಅರವತ್ತು ಸಾವಿರ ನುಂಗುವಾಗ ಅವರಿಗೆ ದರ ಹೇಳಲು ನನಗೆ ಸಂಕಟವಾಗುತ್ತದೆ. ತೆಳ್ಳಗಿನವರಲ್ಲಿ ಕೆಲಸ ಸಲೀಸು. ಆದರೆ ವಾಂತಿ ಹೆಚ್ಚು, ಥಯಾಮಿನ್ (ಬಿ1 ವಿಟಮಿನ್) ಕೊಡಲು ಮರೆಯಬೇಡಿ.

ಕಳೆದ ವರ್ಷದಿಂದ ಹೊಸ ಗುಂಪೊಂದು ಬರುತ್ತಿದೆ: ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದಿನ ಖರ್ಚು ತಾಳದೆ ಬಿಟ್ಟು, ಇಳಿದ ತೂಕ ಮತ್ತೆ ಏರಿಸಿಕೊಂಡವರು. ಇನ್ನೂ ತೆಗೆದುಕೊಳ್ಳುತ್ತಿದ್ದ ಒಬ್ಬರು ರಾತ್ರಿಯಿಡೀ ಉಪವಾಸವಿದ್ದರೂ ಅಲ್ಟ್ರಾಸೌಂಡಿನಲ್ಲಿ ಜಠರದ ತುಂಬ ಅನ್ನ ಕಂಡಿತು; ಈ ಮದ್ದು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಅನ್ನ ಶ್ವಾಸಕೋಶಕ್ಕೆ ಹೋಗಬಹುದೆಂದು ಅರಿವಳಿಕೆ ವೈದ್ಯರು ಅಂದಿನ ಶಸ್ತ್ರಚಿಕಿತ್ಸೆ ಕೈಬಿಟ್ಟರು, ಸರಿಯಾಗಿಯೇ ಮಾಡಿದರು. ಈಗ ಚುಚ್ಚುಮದ್ದಿನ ಕೊನೆಯ ತಾರೀಖು ಕೇಳದೆ ದಿನ ಕೊಡುವುದಿಲ್ಲ.

ಹನ್ನೊಂದನೆಯವರು ಈಗ 88 ಕಿಲೋ. ಹೋದ ತಿಂಗಳು ತಂಗಿಯನ್ನು ಕರೆತಂದರು. ದರ ಕೇಳಲಿಲ್ಲ. "ಆ ರಾತ್ರಿ ಫೋನ್ ಮಾಡಿದ ಸಿಸ್ಟರ್ ಇನ್ನೂ ಇಲ್ಲಿದ್ದಾರೆಯೇ?" ಎಂದಷ್ಟೇ ಕೇಳಿದರು. ಇದ್ದಾರೆ ಎಂದೆ.