ಟೆಕ್ಸಸ್‌ಗೆ ಬಂದು ಪಿಕಪ್ ಟ್ರಕ್ ಕೊಳ್ಳುವ ಮುಂಚೆ

ಡಾಲಸ್ ಕಡೆ, ಅದರಲ್ಲೂ ಪ್ಲೇನೋ, ಫ್ರಿಸ್ಕೋ ಸುತ್ತಮುತ್ತ ಮನೆ ಮಾಡುವ ನಮ್ಮವರ ಮೊದಲ ಗಾಡಿ ಸಾಮಾನ್ಯವಾಗಿ ಕ್ಯಾಮ್ರಿ ಅಥವಾ ಸಿಆರ್‌ವಿ. ಎರಡನೆಯದನ್ನು ಕೊಳ್ಳುವ ಹೊತ್ತಿಗೆ ಟ್ರಕ್ಕಿನ ಆಸೆ ಶುರುವಾಗುತ್ತದೆ. ತಪ್ಪೇನಲ್ಲ. ಪಕ್ಕದ ಮನೆಯವರ ಹತ್ತಿರ ಒಂದಿದೆ, ಆಫೀಸಿನ ಪಾರ್ಕಿಂಗ್ ತುಂಬ ಅವೇ ಇವೆ, ರಾಜ್ಯೋತ್ಸವದ ದಿನ ಊಟದ ಟ್ರೇ, ಟೇಬಲ್, ಸ್ಪೀಕರ್ ಸಾಗಿಸೋಕೆ ಯಾರದಾದರೂ ಟ್ರಕ್ ಬೇಕೇ ಬೇಕು. ಆದರೆ ಇದು ಕೊಳ್ಳೋದು ಸುಲಭ, ಸಾಕೋದು ಕಷ್ಟ ಅನ್ನುವ ಜಾತಿಯ ಗಾಡಿ. ಶೋರೂಮಿಗೆ ಹೋದವರು ಗಂಟೆಗಟ್ಟಲೆ ಎಂಜಿನ್ ಬಗ್ಗೆ ಮಾತಾಡುತ್ತಾರೆ. ಜೇಬಿಗೆ ಕತ್ತರಿ ಬೀಳೋದು ಬೇರೆ ಕಡೆಯಿಂದ.

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನೀವು ಏನನ್ನಾದರೂ ಎಳೆಯುತ್ತೀರಾ? ದೋಣಿ, ಕ್ಯಾಂಪಿಂಗ್ ಟ್ರೇಲರ್, ಅಂಥದ್ದು. ನಮ್ಮಲ್ಲಿ ಹೆಚ್ಚಿನವರು ಏನನ್ನೂ ಎಳೆಯೋದಿಲ್ಲ. ವರ್ಷಕ್ಕೆ ನಾಲ್ಕು ಸಲ ಗಿಡದ ಬುಡಕ್ಕೆ ಹಾಕುವ ಮಲ್ಚ್ ಚೀಲ, ಒಂದು ಸೋಫಾ, ಒಂದು ಫ್ರಿಜ್ ತರೋದಷ್ಟೇ ಆದರೆ ಯು-ಹಾಲ್‌ನಲ್ಲಿ ಪಿಕಪ್ ಬಾಡಿಗೆ ದಿನಕ್ಕೆ 19.95 ಡಾಲರ್‌ನಿಂದ ಶುರು, ಜೊತೆಗೆ ಮೈಲಿಗೆ ಇಷ್ಟು ಅಂತ. ಅದು ಸಾಕು. ಇಲ್ಲ, ನನಗೆ ಟ್ರಕ್ಕೇ ಬೇಕು, ಇಷ್ಟ ಅಷ್ಟೇ ಅಂದರೆ ಅದೂ ಸರಿ. ಇಷ್ಟಕ್ಕೆ ಕಾರಣ ಬೇಕಾಗಿಲ್ಲ. ಆದರೆ ಆಗ ದೊಡ್ಡ ಎಂಜಿನ್ನಿಗೆ ದುಡ್ಡು ಸುರಿಯಬೇಡಿ.

ಈಗ ಎಂಜಿನ್‌ಗಳಿಗೆ ಬರೋಣ. ಫೋರ್ಡ್ ಎಫ್-150ಯಲ್ಲಿ ನಾಲ್ಕು ಮುಖ್ಯ: 2.7 ಲೀಟರ್ ಟರ್ಬೊ ವಿ6, 5.0 ಲೀಟರ್ ವಿ8, 3.5 ಲೀಟರ್ ಟರ್ಬೊ ವಿ6, ಮತ್ತು ಅದೇ 3.5ರ ಹೈಬ್ರಿಡ್ (ವಿ6 ಅಂದರೆ ಆರು ಸಿಲಿಂಡರ್, ವಿ8 ಅಂದರೆ ಎಂಟು). 2.7 ಅಂದರೆ ಮೂಗು ಮುರಿಯುವವರಿದ್ದಾರೆ. ಸುಮ್ನೆ ಓಡಿಸಿ ನೋಡಿ. 325 ಹಾರ್ಸ್‌ಪವರ್ ಇದೆ, ಹೈವೇ ಸೇರುವಾಗ ಯಾರಿಗೂ ಸಾಲದು ಅನ್ನಿಸೋದಿಲ್ಲ. ಎಳೆಯುವ ಕೆಲಸ ಇರುವವರಿಗೆ 3.5 ಟರ್ಬೊ: 400 ಹಾರ್ಸ್‌ಪವರ್, 500 ಪೌಂಡ್-ಅಡಿ ಟಾರ್ಕ್, ಅಂದರೆ ಎಳೆಯುವ ಬಲ. ಷೆವಿ ಸಿಲ್ವರಾಡೊದಲ್ಲಿ 2.7 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಸಿಗುತ್ತದೆ. ಇಷ್ಟು ದೊಡ್ಡ ಟ್ರಕ್ಕಿಗೆ ನಾಲ್ಕು ಸಿಲಿಂಡರಾ ಅಂತ ನಗುತ್ತಾರೆ, ಆದರೆ ಅದರ ಟಾರ್ಕ್ 430. ಪಕ್ಕದಲ್ಲೇ ನಿಂತಿರುವ 5.3 ವಿ8ಗೆ 383 ಮಾತ್ರ. ವಿ8 ಶಬ್ದ ಇಷ್ಟ ಅಂತ ತಗೊಳ್ಳಿ, ಟಾರ್ಕ್ ಜಾಸ್ತಿ ಅಂತ ತಗೋಬೇಡಿ.

ರ‍್ಯಾಮ್ 1500ರಲ್ಲಿ 5.7 ಹೆಮಿ ವಿ8 ಅನ್ನು 2025ರ ಮಾಡೆಲ್‌ಗೆ ತೆಗೆದು 3.0 ಲೀಟರ್ ಟರ್ಬೊ ಆರು ಸಿಲಿಂಡರ್ ಹಾಕಿದರು. ಜನ ಗಲಾಟೆ ಮಾಡಿದರು, 2026ಕ್ಕೆ ಹೆಮಿ ವಾಪಸ್ ಬಂತು. ಟೊಯೋಟಾ ಟಂಡ್ರಾದಲ್ಲಿ ವಿ8 2022ರಿಂದಲೇ ಇಲ್ಲ, ಟರ್ಬೊ ವಿ6 ಅಥವಾ ಅದರ ಹೈಬ್ರಿಡ್. ಟೊಯೋಟಾ ಅಂದಮೇಲೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು ಅಂತ ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ ಅಲ್ವಾ? 2022 ಮತ್ತು 2023ರ ಟಂಡ್ರಾಗಳ ಎಂಜಿನ್‌ನಲ್ಲಿ ತಯಾರಿಕೆಯ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಸುಮಾರು ಒಂದು ಲಕ್ಷ ಗಾಡಿ ರೀಕಾಲ್ ಆದವು, ಅಂದರೆ ಕಂಪನಿಯೇ ದೋಷ ಸರಿಪಡಿಸಲು ವಾಪಸ್ ಕರೆಸಿತು. ಷೆವಿ ತಯಾರಿಸುವ ಜಿಎಂ ಕಂಪನಿಯ 6.2 ವಿ8 ಇನ್ನೂ ದೊಡ್ಡ ಕತೆ: 2025ರ ಏಪ್ರಿಲ್‌ನಲ್ಲಿ ಸುಮಾರು ಆರು ಲಕ್ಷ ಟ್ರಕ್ ಮತ್ತು ಎಸ್‌ಯುವಿಗಳು, ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್ ದೋಷಕ್ಕೆ. ಹೆಸರು ನೋಡಿ ಕೊಳ್ಳುವ ಕಾಲ ಹೋಯಿತು. ಯಾವ ವರ್ಷದ ಯಾವ ಎಂಜಿನ್ ಅಂತ ನೋಡಬೇಕು.

ಪೆಟ್ರೋಲ್ ಲೆಕ್ಕ ಹಾಕೋಣ. ವರ್ಷಕ್ಕೆ 12,000 ಮೈಲಿ, ಗ್ಯಾಲನ್‌ಗೆ 3 ಡಾಲರ್ ಅಂದುಕೊಳ್ಳಿ. 20 ಮೈಲಿ ಕೊಡುವ ಟ್ರಕ್ 600 ಗ್ಯಾಲನ್ ಕುಡಿಯುತ್ತದೆ, 1,800 ಡಾಲರ್. 25 ಕೊಡುವ ಜಿಎಂ ಡೀಸೆಲ್‌ಗೆ 480 ಗ್ಯಾಲನ್ ಸಾಕು. ಆದರೆ ಡೀಸೆಲ್ 3.60 ಇದ್ದರೆ 1,728 ಆಯಿತು. ಉಳಿದದ್ದು 72 ಡಾಲರ್, ಅದರಲ್ಲಿ ಡೀಸೆಲ್ ಹೊಗೆ ಶುದ್ಧ ಮಾಡುವ ಡಿಇಎಫ್ ದ್ರವಕ್ಕೂ ಕೊಡಬೇಕು. ಅಂದರೆ ಊರೊಳಗೆ ಓಡಾಡುವವರಿಗೆ ಡೀಸೆಲ್‌ನಿಂದ ಏನೂ ಉಳಿಯೋದಿಲ್ಲ. ಪ್ರತಿ ವಾರಾಂತ್ಯ ಟ್ರೇಲರ್ ಕಟ್ಟಿಕೊಂಡು ದೂರ ಹೋಗುವವರ ಮಾತು ಬೇರೆ. ಅದೇ 6.2 ವಿ8 ತಗೊಂಡರೆ 17 ಮೈಲಿ, ಪ್ರೀಮಿಯಂ ಪೆಟ್ರೋಲ್ ಹಾಕಿ ಅನ್ನುತ್ತಾರೆ. ಗ್ಯಾಲನ್‌ಗೆ 80 ಸೆಂಟ್ ಜಾಸ್ತಿ ಹಿಡಿದರೂ ವರ್ಷಕ್ಕೆ 2,680 ಹತ್ತಿರ. ಇಲ್ಲಿ ಮಾತ್ರ ಎಂಜಿನ್ ಆಯ್ಕೆ ಜೇಬಿಗೆ ನೇರವಾಗಿ ತಗಲುತ್ತದೆ.

ಹೈಬ್ರಿಡ್‌ನಲ್ಲಿ ಪೆಟ್ರೋಲ್ ಉಳಿತಾಯ ಅಷ್ಟಕ್ಕಷ್ಟೇ. ಆದರೆ ಎಫ್-150 ಹೈಬ್ರಿಡ್‌ಗೆ 7.2 ಕಿಲೋವ್ಯಾಟ್ ಜನರೇಟರ್ ಸೌಲಭ್ಯ ಹಾಕಿಸಿಕೊಳ್ಳಬಹುದು. ಸಾಮಾನು ಹಾಕುವ ಹಿಂದಿನ ಬೆಡ್‌ನಲ್ಲೇ ಪ್ಲಗ್ ಪಾಯಿಂಟ್‌ಗಳು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ದಿನಗಟ್ಟಲೆ ಕರೆಂಟ್ ಹೋದಾಗ ಈ ಟ್ರಕ್ ಇದ್ದವರು ಹೀಟರ್, ಫ್ರಿಜ್ ಓಡಿಸಿಕೊಂಡರು. ಚಿಕ್ಕ ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ. ಒಂದು ಎಚ್ಚರ: ಮನೆಯ ವೈರಿಂಗ್‌ಗೆ ಜೋಡಿಸಬೇಕಾದರೆ ಎಲೆಕ್ಟ್ರಿಷಿಯನ್ ಹತ್ತಿರ, ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ. ಗೋಡೆಯ ಸಾಕೆಟ್‌ಗೆ ತಿರುಗಿಸಿ ಕೊಡುವ ಊರಿನ ಜುಗಾಡ್ ಇಲ್ಲಿ ಬೇಡ, ಲೈನ್‌ಮನ್ ಜೀವ ಹೋಗುತ್ತದೆ.

ಟ್ರೇಲರ್ ಎಳೆಯುವವರು ಇದನ್ನು ನಿಧಾನವಾಗಿ ಓದಿ. ಜಾಹೀರಾತಿನಲ್ಲಿ 13,000 ಪೌಂಡ್ ಎಳೆಯುತ್ತದೆ ಅಂತ ಇರುತ್ತದೆ. ಅದನ್ನು ಬಿಟ್ಟು ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಹಳದಿ-ಬಿಳಿ ಸ್ಟಿಕ್ಕರ್ ನೋಡಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. 1,550 ಅಂತ ಇದೆ ಅಂದುಕೊಳ್ಳಿ. 7,000 ಪೌಂಡ್ ಟ್ರೇಲರ್‌ನ ಮೂತಿ ಟ್ರಕ್ಕಿನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ ಕೂರುತ್ತದಲ್ಲ, ಅದರ ಭಾರ ಟ್ರೇಲರ್ ತೂಕದ ಶೇಕಡ 10ರಿಂದ 15. 13 ಹಿಡಿದರೆ 910 ಪೌಂಡ್. ಗಂಡ, ಹೆಂಡತಿ, ಒಂದು ಮಗು, ಊರಿಂದ ಬಂದ ಅಪ್ಪ-ಅಮ್ಮ ಸೇರಿ 700. ಹಿಚ್, ಕೂಲರ್, ಚಾಪೆ, ಅಡುಗೆ ಸಾಮಾನು 100. ಒಟ್ಟು 1,710. ಎಂಜಿನ್ನಿಗೆ ಶಕ್ತಿ ಇದೆ, ಟ್ರಕ್ಕಿಗೆ ಇಲ್ಲ! ಸನ್‌ರೂಫ್, ಚರ್ಮದ ಸೀಟು, ದೊಡ್ಡ ಚಕ್ರ ಇರುವ ದುಬಾರಿ ಮಾಡೆಲ್‌ಗಳಲ್ಲಿ ಈ ಸಂಖ್ಯೆ ಇನ್ನೂ ಇಳಿಯುತ್ತದೆ, ಯಾಕೆಂದರೆ ಆ ಸಾಮಾನಿಗೂ ತೂಕ ಇದೆ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಸ್ಟಿಕ್ಕರ್ ಬೇರೆ ಇರಬಹುದು. ಕೊಳ್ಳುವ ಗಾಡಿಯ ಸ್ಟಿಕ್ಕರ್‌ನ ಫೋಟೋ ತೆಗೆದುಕೊಂಡು ಮನೆಗೆ ಬಂದು ಲೆಕ್ಕ ಮಾಡಿ.

ಇನ್ನು ದುಡ್ಡು. ಚೆನ್ನಾಗಿ ಸಿಂಗರಿಸಿದ ಟ್ರಕ್ 60,000 ಡಾಲರ್ ಸುಲಭವಾಗಿ ದಾಟುತ್ತದೆ. ಟೆಕ್ಸಸ್ ಮಾರಾಟ ತೆರಿಗೆ ಶೇಕಡ 6.25, ಅಂದರೆ ಅಲ್ಲೇ 3,750. ಹಳೇ ಕಾರನ್ನು ಅದೇ ಡೀಲರ್‌ಗೆ ಕೊಟ್ಟರೆ ಅದರ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. 60,000ಕ್ಕೆ ಶೇಕಡ 7ರ ಬಡ್ಡಿಯಲ್ಲಿ ಆರು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 1,020 ಡಾಲರ್ ಸುಮಾರು, ಬಡ್ಡಿಯೇ 13,600 ಚಿಲ್ಲರೆ. ಡೀಲರ್ ಕಂತನ್ನು ಮಾತ್ರ ಹೇಳುತ್ತಾನೆ. "ತಿಂಗಳಿಗೆ ಎಷ್ಟು ಕಟ್ತೀರಿ?" ಅಂತ ಕೇಳಿದರೆ ಉತ್ತರ ಕೊಡಬೇಡಿ, ಗಾಡಿಯ ಒಟ್ಟು ಬೆಲೆ ಬರೆದು ಕೊಡಿ ಅನ್ನಿ. ಹೊಸದಾಗಿ ಬಂದವರಿಗೆ ಕ್ರೆಡಿಟ್ ಇತಿಹಾಸ ಇರೋದಿಲ್ಲ, ಬಡ್ಡಿ ಇನ್ನೂ ಜಾಸ್ತಿ. ಕೆಲವು ಬ್ಯಾಂಕ್‌ಗಳು ವೀಸಾ ಮುಗಿಯುವ ದಿನದವರೆಗೆ ಮಾತ್ರ ಸಾಲ ಕೊಡುತ್ತವೆ. ಮೊದಲು ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕ್ ಇದ್ದ ಹಾಗೆ) ವಿಚಾರಿಸಿ, ಆಮೇಲೆ ಶೋರೂಮಿಗೆ ಹೋಗಿ.

ಪಾರ್ಟಿಗಳಲ್ಲಿ ಒಂದು ಮಾತು ಓಡಾಡುತ್ತದೆ: ಆರು ಸಾವಿರ ಪೌಂಡ್ ದಾಟಿದ ಟ್ರಕ್ಕಿನ ಬೆಲೆಯನ್ನು ಟ್ಯಾಕ್ಸ್‌ನಲ್ಲಿ ಕಳೆಯಬಹುದು ಅಂತ. ಅದು ಸ್ವಂತ ವ್ಯವಹಾರಕ್ಕೆ ಗಾಡಿ ಬಳಸುವವರಿಗೆ. ಡಬ್ಲ್ಯು-2 ಸಂಬಳದವರಿಗೆ, ಅಂದರೆ ಎಚ್-1ಬಿಯಲ್ಲಿ ಬಂದ ನಮ್ಮಂಥವರಿಗೆ, ಅನ್ವಯಿಸೋದಿಲ್ಲ. ನಮಗೆ ಸಿಗಬಹುದಾದದ್ದು ಬೇರೆ: 2025ರಿಂದ 2028ರವರೆಗೆ ಹೊಸ ಗಾಡಿಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗೆ ಆದಾಯದಿಂದ ಕಳೆಯಬಹುದು. ಗಾಡಿ ಅಮೆರಿಕದಲ್ಲೇ ಜೋಡಣೆ ಆಗಿರಬೇಕು. ದಂಪತಿ ಆದಾಯ ಎರಡು ಲಕ್ಷ ಡಾಲರ್, ಒಬ್ಬರದ್ದಾದರೆ ಒಂದು ಲಕ್ಷ ದಾಟಿದರೆ ಇದು ಕರಗುತ್ತಾ ಹೋಗುತ್ತದೆ. ಸಿಲ್ವರಾಡೊ ಇಂಡಿಯಾನಾದಲ್ಲೂ ಆಗುತ್ತದೆ, ಮೆಕ್ಸಿಕೊದಲ್ಲೂ ಆಗುತ್ತದೆ, ಕೆನಡಾದಲ್ಲೂ. ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ, ಅಂದರೆ ವಿಐಎನ್‌ನ ಮೊದಲ ಅಂಕಿ ನೋಡಿ: 1, 4, 5 ಇದ್ದರೆ ಅಮೆರಿಕ; 2 ಕೆನಡಾ; 3 ಮೆಕ್ಸಿಕೊ. ಟಂಡ್ರಾ ನಮ್ಮ ಸ್ಯಾನ್ ಆಂಟೋನಿಯೊದ್ದೇ.

ಗ್ಯಾರೇಜ್ ಅಳೆದಿದ್ದೀರಾ? ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಎಫ್-150 ಉದ್ದ ಹತ್ತೊಂಬತ್ತೂಕಾಲು ಅಡಿ ದಾಟುತ್ತದೆ, ಊರಿನ ಇನೋವಾ ಕ್ರಿಸ್ಟಾಗಿಂತ ಹೆಚ್ಚುಕಡಿಮೆ ನಾಲ್ಕು ಅಡಿ ಜಾಸ್ತಿ. ಕನ್ನಡಿ ಸೇರಿದರೆ ಅಗಲ ಎಂಟು ಅಡಿ ಸಮೀಪ. ಗ್ಯಾರೇಜಿನ ಆಳ 20 ಅಡಿ ಇದ್ದು, ಎದುರು ಗೋಡೆಗೆ ವಾಟರ್ ಹೀಟರ್ ಅಥವಾ ಎರಡನೇ ಫ್ರಿಜ್ ಇದ್ದರೆ ಬಾಗಿಲು ಮುಚ್ಚೋದಿಲ್ಲ. ಆಗ ಟ್ರಕ್ ಹೊರಗೇ ನಿಲ್ಲಬೇಕು, ಮಾರ್ಚ್‌ನಿಂದ ಜೂನ್‌ವರೆಗೆ ಇಲ್ಲಿ ಬೀಳುವ ಆಲಿಕಲ್ಲು ನಿಂಬೆಹಣ್ಣಿನ ಗಾತ್ರಕ್ಕೂ ಹೋಗುತ್ತದೆ. ಹಾಗಾಗಿ ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ ಬಿಡುವ ಹಾಗಿಲ್ಲ. ಬುಕ್ ಮಾಡುವ ಮೊದಲೇ ವಿಐಎನ್ ಕೊಟ್ಟು ಪ್ರೀಮಿಯಂ ಕೇಳಿ.

ಟೈರಿಗೂ ದುಡ್ಡು ಎತ್ತಿಡಿ. 20 ಇಂಚಿನ ನಾಲ್ಕು ಟೈರಿಗೆ ಸಾವಿರ ಡಾಲರ್ ಮೇಲೆ ಹೋಗೋದು ಮಾಮೂಲು. 5.3 ವಿ8ಗೆ ಎಂಟು ಕ್ವಾರ್ಟ್ ಆಯಿಲ್ ಬೇಕು. ಫೋರ್ ವೀಲ್ ಡ್ರೈವ್ ಡಾಲಸ್‌ನಲ್ಲಿ ಬೇಕಾಗೋದು ತೀರಾ ಕಮ್ಮಿ.

ಹಳೇ ಟ್ರಕ್ ನೋಡುವವರು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಶುರುವಾಗಿ ಬಿಸಿಯಾದ ಮೇಲೆ ನಿಂತರೆ ಎಂಜಿನ್ ಹೊಗೆ ಹೊರಗೆ ಹೋಗುವ ಕೊಳವೆಯ (ಎಗ್ಸಾಸ್ಟ್ ಮ್ಯಾನಿಫೋಲ್ಡ್) ಬೋಲ್ಟ್ ಮುರಿದಿರಬಹುದು, ಹೆಮಿಯಲ್ಲಿ ಇದು ಹಳೇ ಕಾಯಿಲೆ. ಬಿಸಿಯಾದರೂ ಟಿಕ್ ಬಿಡದಿದ್ದರೆ ಎಂಜಿನ್ ಒಳಗೆ ವಾಲ್ವ್ ತೆರೆಯುವ ಲಿಫ್ಟರ್ ಕೆಟ್ಟಿರಬಹುದು. ಹೆಮಿಗೂ, ಸಿಲಿಂಡರ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಜಿಎಂ ವಿ8ಗಳಿಗೂ ಇದು ಬರುತ್ತದೆ, ರಿಪೇರಿಗೆ ಸಾವಿರಾರು ಡಾಲರ್. ಅಂಥದ್ದನ್ನು ಬಿಟ್ಟು ಬನ್ನಿ. ಆಮೇಲೆ ವಿಐಎನ್ ಅನ್ನು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ, ಬಾಕಿ ರೀಕಾಲ್ ಇದ್ದರೆ ತೋರಿಸುತ್ತದೆ. ರೀಕಾಲ್ ರಿಪೇರಿ ಉಚಿತ. ದುಡ್ಡು ಕೊಡುವ ಮೊದಲೇ ಅದನ್ನು ಮಾಡಿಸಿ ಕೊಡಿ ಅಂತ ಮಾರುವವರಿಗೆ ಹೇಳಿ, ರಸೀದಿ ಇಸಿದುಕೊಳ್ಳಿ.